ಕಾಪುವಿನಲ್ಲಿ ಗಾಡಿ ಅಲ್ಲಾಡಿದ್ದು

ಅಲ್ಲ ಚೈತಾಲಿ, ನೀನು ಹೀಗೆ ಜಗಲಿಯ ಬಾಗಿಲಿಗೆ ಅಡ್ಡ ನಿಂತರೆ ನನಗೆ ಬೆಳಕು ಎಲ್ಲಿಂದ? ಕೂತುಕೋ ಮಾರಾಯ್ತಿ, ಆ ಮಣೆ ಎಳೆದುಕೊಂಡು ಕೂತುಕೋ. ಹನ್ನೊಂದಕ್ಕೆ ಹೂ ಒಯ್ಯುವ ಬೈಕು ಬರುತ್ತದೆ, ನನ್ನದು ಇನ್ನೂ ಒಂದು ಚೆಂಡು ಮಲ್ಲಿಗೆ ಕಟ್ಟಲು ಬಾಕಿ. ಕಟ್ಟುತ್ತಾ ಹೇಳುತ್ತೇನೆ. ನನ್ನ ಕೈಗೂ ಬಾಯಿಗೂ ಜಗಳ ಇಲ್ಲ.

ಮೊದಲಿನಿಂದ ಹೇಳಬೇಕಾ? ಎಷ್ಟನೇ ಸಲ! ಆಯ್ತು... ನಿಶ್ಚಯವಾದ ಮದುವೆ ಮುರಿದ ಹುಡುಗಿ ಮನೆಗೆ ಬಂದು ಕೇಳುವಾಗ ಇಲ್ಲ ಎನ್ನಲಿಕ್ಕೆ ಆಗುತ್ತದಾ. ಕೇಳು.

ಪ್ರತೀಕ ಕುವೈತಿನಿಂದ ಬಂದವನು ನೆಟ್ಟಗೆ ಇಲ್ಲಿಗೇ ಬಂದ. ನೆರೆಮನೆಯವ, ಚಡ್ಡಿ ಹಾಕದ ಪ್ರಾಯದಿಂದ ನೋಡಿದ್ದೇನೆ. "ಕುಶಲಕ್ಕ, ಒಂದು ಪಿಕಪ್ಪು ತೆಗೆಯಬೇಕು, ದೊಡ್ಡದು. ಅದರ ಬೆನ್ನ ಮೇಲೆ ಒಂದು ಮನೆ ಕೂರಿಸುವುದು" ಎಂದ. ಮನೆಯಾ? ಮರಳುಗಾಡಿನ ಬಿಸಿಲು ತಲೆಗೆ ಹತ್ತಿದೆ ಅಂತ ಎಣಿಸಿದೆ ನಾನು! ಕ್ಯಾಂಪರ್ ಅಂತೆ ಅದರ ಹೆಸರು. ಒಳಗೆ ಮಂಚ, ಗ್ಯಾಸು, ನೀರಿನ ಟ್ಯಾಂಕಿ, ಎಲ್ಲ. ಮದುವೆ ಆದ ಮೇಲೆ ನೀನೂ ಅವನೂ ಅದರಲ್ಲಿ ಊರೂರು ತಿರುಗುವುದು, ಮತ್ತೆ ಬೇಕಾದವರಿಗೆ ಬಾಡಿಗೆಗೆ ಕೊಡುವುದು. "ಇನ್ನು ಕುವೈತಿಗೆ ಕಾಲು ಹಾಕುವುದಿಲ್ಲ ಕುಶಲಕ್ಕ" ಎಂದ. ತಲೆ ಯಾಕೆ ತಗ್ಗಿಸುತ್ತಿ? ನಿನ್ನ ಹತ್ತಿರವೂ ಇದನ್ನೇ ಹೇಳಿದ್ದಲ್ವಾ?

ನನ್ನಲ್ಲಿ ಯಾಕೆ ಕೇಳಿದ ಅಂದರೆ... ನಗಬೇಡ! ಶಾಲೆಯಲ್ಲಿ ಎರಡನೇ ಕ್ಲಾಸು ಇರಬಹುದು, ಗಾಡಿಯ ವಿಷಯದಲ್ಲಿ ಅಲ್ಲ. ನಮ್ಮವರದ್ದು ಕಾರ್ಕಳದಲ್ಲಿ ಲಾರಿಗಳ ಅಡಿಯಲ್ಲಿ ಭಾರ ಹೊರುವ ಸ್ಪ್ರಿಂಗ್ ಪ್ಲೇಟಿನ ಕೆಲಸ. ಅಣ್ಣು ಮೇಸ್ತ್ರಿ ಎಂದರೆ ಅಜೆಕಾರಿನಿಂದ ಹಿಡಿದು ಲಾರಿಗಳು ಸಾಲು ನಿಲ್ಲುತ್ತಿದ್ದವು. ತಿದಿ ಒತ್ತುತ್ತಿದ್ದದ್ದು ಯಾರು? ಕೆಂಪಗೆ ಕಾದ ಪ್ಲೇಟನ್ನು ಇಕ್ಕುಳದಲ್ಲಿ ಹಿಡಿಯುತ್ತಿದ್ದದ್ದು ಯಾರು? ಈ ಬಲಗೈಯ ತೋರುಬೆರಳು ನೋಡು, ಅರ್ಧವೇ ಉಂಟು. ಪ್ಲೇಟು ಜಾರಿ ಬಿದ್ದದ್ದು. ಅದಕ್ಕೇ ಹೂ ಕಟ್ಟುವಾಗ ನಮ್ಮ ಶಂಕರಪುರದವರೆಲ್ಲ ಬಾಳೆನಾರನ್ನು ಬಲಕ್ಕೆ ಸುತ್ತಿದರೆ ನಾನು ಎಡಕ್ಕೆ. ನಿನಗೆ ಗೊತ್ತಿಲ್ಲದ್ದಾ, ನಿನಗೆ ಹೂ ಕಟ್ಟಲು ಕಲಿಸಿದ್ದೇ ನಾನು. ನಿನ್ನ ಕೈ ಮಾತ್ರ ಸರಿಯಾಗಿ ಬಲಕ್ಕೇ ಹೋಯಿತು, ಪುಣ್ಯ.

ಹಾಗೆ ಉಡುಪಿಯ ಶೋರೂಮಿಗೆ ನನ್ನನ್ನು ಕರೆದುಕೊಂಡು ಹೋದ. ಟೈ ಕಟ್ಟಿದ ಒಬ್ಬ ಬಂದ. ನಾಲ್ಕು ಬಾಗಿಲಿನದ್ದು ತೋರಿಸುತ್ತಾನೆ, ಅಮ್ಮಾ ಸೀಟು ನೋಡಿ, ಎಸಿ ನೋಡಿ, ಟಿವಿ ನೋಡಿ... ನಾನು ಹೇಳಿದೆ, ಸೀಟು ನಿನ್ನ ಹೆಂಡತಿಗೆ ತೋರಿಸು, ನನಗೆ ಗಾಡಿಯ ಅಡಿ ತೋರಿಸು! ಸೀರೆ ಎತ್ತಿ ಕಟ್ಟಿ ಬಗ್ಗಿ ನೋಡಿದೆ. ಅಷ್ಟು ಚಂದದ ಗಾಡಿಗೆ ಹಿಂದೆ ನಾಲ್ಕೇ ಪ್ಲೇಟು, ನೀರುದೋಸೆಯ ಹಾಗೆ! ಮಣಿಪಾಲದ ಡಾಕ್ಟರರು ಮಕ್ಕಳನ್ನು ಶಾಲೆಗೆ ಬಿಡಲಿಕ್ಕೆ ಸರಿ. ಮತ್ತೆ, ನಾಲ್ಕು ಬಾಗಿಲು ಇದ್ದರೆ ಹಿಂದಿನ ತೊಟ್ಟಿ ಗಿಡ್ಡ. ಮನೆಯ ಅರ್ಧ ಭಾರ ಚಕ್ರದಿಂದ ಆಚೆ ನೇತಾಡುತ್ತದೆ, ಎದುರು ಹಗುರ ಆಗಿ ಸ್ಟೇರಿಂಗು ಹೇಳಿದ್ದು ಕೇಳುವುದಿಲ್ಲ. ಟೈಯವನ ಮುಖ ನೀನು ನೋಡಬೇಕಿತ್ತು! ಕೊನೆಗೆ ಎರಡೇ ಬಾಗಿಲಿನ, ಉದ್ದ ತೊಟ್ಟಿಯ, ಒಂದು ಟನ್ನು ಹೊರುವ ದಾಂಡಿಗ ಗಾಡಿ ತೆಗೆಸಿದೆ. ನೋಡಲಿಕ್ಕೆ ಕುರೂಪಿ. ಬೆನ್ನು ಮಾತ್ರ ಕೋಣನದ್ದು.

ಮನೆಯ ಪೆಟ್ಟಿಗೆ ಪರ್ಕಳದ ಶೆಡ್ಡಿನಲ್ಲಿ ಆಯಿತು. ಎಂಟುನೂರು ಕಿಲೋ, ಹೆಚ್ಚಿಲ್ಲ ಎಂದ ಪ್ರತೀಕ. ನೀರು ತುಂಬಿದ ಮೇಲೆ? ನೀವಿಬ್ಬರು ಹತ್ತಿದ ಮೇಲೆ? ನಿನ್ನ ಸೀರೆಯ ಪೆಟ್ಟಿಗೆ ಇಟ್ಟ ಮೇಲೆ? ಅವನು ಹೇಳುತ್ತಾನೆ, ಗಾಳಿ ಬಲೂನು ಹಾಕುವ ಅಂತ. ರಬ್ಬರಿನ ಬಲೂನು, ಅಚ್ಚಿಗೂ ಚಾಸಿಗೂ ನಡುವೆ ಕೂರಿಸುವುದು. ಭಾರ ಇದ್ದಾಗ ಗಾಳಿ ತುಂಬಿಸು, ಇಲ್ಲದಾಗ ಬಿಡು. ಕುವೈತಿನಲ್ಲಿ ಎಲ್ಲರೂ ಹಾಕುತ್ತಾರಂತೆ. ನಾನು ಹೇಳಿದೆ, ಸಂಸಾರ ಇಡುವುದು ಬಲೂನಿನ ಮೇಲಾ? ಎಲ್ಲಿಯೋ ಕಾಡಿನಲ್ಲಿ ಒಡೆದರೆ ಬಾಯಿಂದ ಊದುತ್ತೀಯಾ? ಎರಡು ಪ್ಲೇಟು ಸೇರಿಸು, ಬದಿಗೆ ಓಲಾಡದ ಹಾಗೆ ಅಡ್ಡಕ್ಕೆ ಒಂದು ಸರಳು ಹಾಕಿಸು, ಮುಗಿಯಿತು. "ಪ್ಲೇಟು ಹೆಚ್ಚಾದರೆ ಖಾಲಿ ಗಾಡಿ ಕುಪ್ಪಳಿಸುತ್ತದಲ್ಲ ಕುಶಲಕ್ಕ?" ಎಂದ. ಖಾಲಿ ಯಾವಾಗ ಇರುತ್ತದೆ ಹೇಳು? ಮನೆಯನ್ನು ದಾರಿಯಲ್ಲಿ ಇಳಿಸಿ ಹೋಗುತ್ತೀರಾ?

ಒಪ್ಪಿದ. ನನ್ನ ಮಾತು ಒಪ್ಪಿದವರು ಈ ಊರಿನಲ್ಲಿ ಇಬ್ಬರೇ. ಒಬ್ಬರು ಸತ್ತರು, ಒಬ್ಬ ಇವ.

ಆ ಮಂಗಳವಾರ... ಕಾರ್ಕಳದಿಂದ ಪ್ಲೇಟು ಇನ್ನೂ ಬಂದಿರಲಿಲ್ಲ. ಮನೆ ಕೂರಿಸಿ ಒಮ್ಮೆ ಓಡಿಸಿ ನೋಡುವ ಎಂದು ಪರ್ಕಳದಿಂದ ಹೊರಟದ್ದು. ನಾನು ಕಟಪಾಡಿಯಲ್ಲಿ ಇಳಿದೆ. ಅಲ್ಲಿಂದ ರಿಕ್ಷಾ. ಆಮೇಲೆ ಅವನು ಯಾರನ್ನು ಹತ್ತಿಸಿಕೊಂಡ, ಎಲ್ಲಿಗೆ ಹೋದ, ನನಗೆ ಎಂತ ಗೊತ್ತು?

ಕಾಪುವಿನ ಲೈಟ್‌ಹೌಸಿನ ಹತ್ತಿರ ಐಸ್‌ಕ್ರೀಮ್ ಮಾರುವ ವಿಲ್ಫ್ರೆಡ್ ಇದ್ದಾನಲ್ಲ, ನೋಡಿದ್ದು ಅವನು. ಹಾಡಹಗಲು ನಾಲ್ಕು ಗಂಟೆ. ಪಿಕಪ್ಪು ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದೆ, ಎದುರು ಸೀಟಿನಲ್ಲಿ ಜನ ಇಲ್ಲ, ಹಿಂದಿನ ಮನೆಯ ದಾರಿ ಬದಿಯ ಪರದೆ ಎಳೆದಿದೆ, ಗಾಡಿ ಮಾತ್ರ ಗಡಗಡ ಅಲ್ಲಾಡುತ್ತಿದೆ! ಹತ್ತು ನಿಮಿಷ! ಇಶ್ಶಿ. ಬಾಗಿಲಿನ ಸಂದಿನಿಂದ ಮಲ್ಲಿಗೆಯ ಪರಿಮಳ, ಬಳೆಯ ಶಬ್ದ... ವಿಲ್ಫ್ರೆಡ್ ಹೇಳಿದ್ದಾ? ಅಲ್ಲ, ಅದು... ಯಾರೋ ಹೇಳಿದರು. ಇಲ್ಲಿಗೆ ದಿನವೂ ಹೂ ತರುವ ವೇದಾವತಿ ಇರಬೇಕು. ಮಣಿಪಾಲದ ನರ್ಸು ಅಂತ ಕೂಡಾ ಅವಳೇ ಹೇಳಿದ್ದು. ನಾನು ಹೇಳಿದ್ದಾ? ಹಾಗೆ ಅಂತ ನಿನಗೆ ಯಾರು ಹೇಳಿದರು? ವೇದಾವತಿಯಾ! ಅವಳ ಬಾಯಿಗೆ... ಹೌದು, ನರ್ಸು ಇರಬಹುದು ಎಂದೆ. ಇರಬಹುದು ಎನ್ನುವುದೂ ಇದೆ ಎನ್ನುವುದೂ ಒಂದೆಯಾ?

ನೀನೇ ಅವನನ್ನು ಕೇಳಿದ್ದಲ್ವಾ, ಒಳಗೆ ಇದ್ದದ್ದು ಯಾರು ಅಂತ? ಎಂತ ಹೇಳಿದ? ಒಂದು ಹೆಂಗಸು ಇದ್ದದ್ದು ಹೌದು, ಹೆಸರು ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ಹಾಗೆ ಹೇಳಿದವನಿಗೆ ನಿನ್ನ ಅಪ್ಪ ಹೆಣ್ಣು ಕೊಡುತ್ತಾರಾ? ನಿಶ್ಚಯದ ಉಂಗುರ ವಾಪಸು ಕಳಿಸಿದ್ದು ಸರಿಯೇ. ಗಂಡಸು ಮಾತು ಕೊಡಬೇಕಾದದ್ದು ಕಟ್ಟಿಕೊಳ್ಳುವವಳಿಗೆ. ಕಂಡ ಕಂಡ ಹೆಂಗಸಿಗೆ ಅಲ್ಲ.

ಎಂತ ನೋಡುತ್ತಿ?

ನಾನೇ ಬೇಕಾದಷ್ಟು ಸಲ ಹೇಳಿದ್ದೇನೆ ಅವನಿಗೆ, ಆ ಗಾಡಿಯ ಮನೆಯೊಳಗೆ ಅಷ್ಟು ದೊಡ್ಡ ಕನ್ನಡಿ ಹಾಕಿಸಬೇಡ ಅಂತ. ಒಳಗೆ ಕಾಲಿಟ್ಟ ಕೂಡಲೇ ಎದುರಿಗೇ ಆಳೆತ್ತರದ ಕನ್ನಡಿ, ಹಿಂದಿನ ಕಿಟಕಿಯಲ್ಲಿ ಲೈಟ್‌ಹೌಸು, ಅದೂ ಕನ್ನಡಿಯಲ್ಲಿ ಕಾಣುತ್ತದೆ, ಅಲೆ ಕಾಣುತ್ತದೆ... ನಿಂತವಳಿಗೆ ತನ್ನ ಹಿಂದೆ ಸಮುದ್ರವೇ...

ಇಲ್ಲ. ಪರ್ಕಳದಲ್ಲಿ. ಶೆಡ್ಡಿನಲ್ಲಿ ನೋಡಿದ್ದು ಕನ್ನಡಿ. ಲೈಟ್‌ಹೌಸು ಅಂದದ್ದು... ಹಾಗೆ ಕಾಣಬಹುದು ಎಂದು. ಬಾಯಿ ತಪ್ಪಿ ಬರುವುದಿಲ್ಲವಾ? ಎಪ್ಪತ್ತೊಂದು ಆಯಿತು ಮಾರಾಯ್ತಿ ನನಗೆ.

ಮಜ್ಜಿಗೆ ಬೇಕಾ? ಬೇಡ. ಬ್ಯಾಗಿನಲ್ಲಿ ಎಂತ ಹುಡುಕುತ್ತಿ? ಕಾಗದದ ಪೊಟ್ಟಣ... ಎಂತ ಅದು?

ಒಣಗಿದ ಮಲ್ಲಿಗೆ.

ಎಲ್ಲಿ ಸಿಕ್ಕಿತು? ಪರ್ಕಳಕ್ಕೆ ಹೋಗಿದ್ದೆಯಾ? ಕನ್ನಡಿಯ ಹಿಂದೆಯಾ... ಓ. ನಾನು ಎಣಿಸಿದ್ದೆ ಗಾಳಿಗೆ ಹಾರಿ... ನೋಡು ನೋಡು, ಅವಳು ಮುಡಿದದ್ದೇ ಇರಬೇಕು, ಆ ನರ್ಸು! ಶಂಕರಪುರದ ಹೂ ಮುಂಬಯಿಗೆ ಹೋಗುತ್ತದೆ, ದುಬಾಯಿಗೆ ಹೋಗುತ್ತದೆ, ಮಣಿಪಾಲಕ್ಕೆ ಹೋಗುವುದಿಲ್ಲವಾ? ಹೂ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಯಾರು ಬೇಕಾದರೂ ಮುಡಿಯಬಹುದು...

ಯಾಕೆ ಅದನ್ನು ನಾನು ಕಟ್ಟಿದ್ದರ ಹತ್ತಿರ ಇಡುತ್ತಿ? ಪಕ್ಕಕ್ಕೆ ಯಾಕೆ ಇಡುತ್ತಿ?

ಎಡಕ್ಕೆ ಸುತ್ತಿದ್ದು ಮಾರಾಟಕ್ಕೆ ಹೋಗುವುದಿಲ್ಲವಾ, ಹೋಗುತ್ತದೆ, ನನ್ನದೂ ಬೈಕಿನವ ಕೊಂಡುಹೋಗುತ್ತಾನೆ... ಆದರೆ ಚೆಂಡಿನಿಂದ ಮೊಳವಾಗಿ ಕೊಯ್ದದ್ದಲ್ಲ ಇದು, ಎರಡೂ ತುದಿಗೆ ಗಂಟು ಹಾಕಿದ್ದು. ಮನೆಯಲ್ಲೇ ಮುಡಿಯಲಿಕ್ಕೆ ಕಟ್ಟಿದ್ದು. ಅದೂ ಗೊತ್ತು ನಿನಗೆ. ಕಲಿಸಿದ್ದು ನಾನೇ ಅಲ್ವಾ.

ಬೈದುಬಿಡು. ಬೈ ಚೈತಾಲಿ.

ಅವನು ಗಾಡಿಯ ಅಡಿಯಲ್ಲಿ ಇದ್ದ, ಗೊತ್ತುಂಟಾ? ಅಡಿಯಲ್ಲಿ! ಸಮುದ್ರದ ಬದಿಯಿಂದ ನುಗ್ಗಿ, ಗೋಣಿ ಹಾಸಿ ಮಲಗಿಕೊಂಡು. "ಕುಶಲಕ್ಕ, ನೀವು ಒಳಗೆ ಆಚೆ ಈಚೆ ನಡೆಯಿರಿ, ಪ್ಲೇಟು ಎಷ್ಟು ಬಗ್ಗುತ್ತದೆ ನಾನು ನೋಡುತ್ತೇನೆ" ಎಂದ. ಪ್ಲೇಟು ಸೇರಿಸುವ ಮೊದಲು ನೋಡಬೇಕಲ್ಲ. ನಾನು ನಡೆದೆ. ನಲ್ವತ್ತೈದು ಕಿಲೋ ಇಲ್ಲ ನಾನು, ಒಂದು ಹೆಜ್ಜೆ ಇಟ್ಟರೆ ಮನೆಯೇ ತೊಟ್ಟಿಲಿನ ಹಾಗೆ... ಅಷ್ಟೇ ಇದ್ದದ್ದು. ವಿಲ್ಫ್ರೆಡ್ ನೋಡಿದ್ದು ಅಷ್ಟೇ.

ಅಷ್ಟೇ ಆದರೆ ಹೇಳಬಹುದಿತ್ತು. ಹೌದು. ಹೇಳಬಹುದಿತ್ತು.

ಹೂ ನಾನೇ ತೆಗೆದುಕೊಂಡು ಹೋದದ್ದು. ಹೊಸ ಗಾಡಿಗೆ ಹಾಕಲಿಕ್ಕೆ ಅಂತ ಎಣಿಸಿದ್ದು, ಸುಳ್ಳಲ್ಲ. ಗಾಡಿಗೆ ಒಂದು ಹಾಕಿದೆ. ಇನ್ನೊಂದು ಸೊಂಟದಲ್ಲಿ ಇತ್ತು. ಆ ಕನ್ನಡಿ... ಮೂವತ್ತೊಂದು ವರ್ಷ ಆಯಿತು ನಮ್ಮವರು ಹೋಗಿ. ಅವತ್ತಿನಿಂದ ದಿನವೂ ಕಟ್ಟಿದ್ದೇನೆ, ಒಂದು ಮೊಗ್ಗು ತಲೆಗೆ ತಾಗಿಸಲಿಲ್ಲ. ನಿನ್ನ ನಿಶ್ಚಯಕ್ಕೂ ಹೂ ನನ್ನದೇ. ಮುಡಿಸಲಿಕ್ಕೆ ಕರೆದದ್ದು ವೇದಾವತಿಯನ್ನು. ನಾನು ಹಿತ್ತಲಲ್ಲಿ ಬಾಳೆ ಎಲೆ ಒರೆಸುತ್ತಿದ್ದೆ. "ಕುಶಲಕ್ಕ, ನೀವು ಈಗ ಎದುರು ಬರುವುದು ಬೇಡ" ಎಂದದ್ದು ನಿನ್ನ ಅಮ್ಮ. ಮೆಲ್ಲಗೆ ಹೇಳಿದರು, ಪಾಪ, ಮರ್ಯಾದೆಯಿಂದ.

ಮುಡಿದೆ. ಮುಡಿದು ಹೀಗೆ ತಿರುಗಿ ನೋಡಿದೆ. ಹಾಗೆ ತಿರುಗಿ ನೋಡಿದೆ. ಅಡಿಯಿಂದ ಅವನು ಸಾಕು ಸಾಕು ಎನ್ನುತ್ತಿದ್ದಾನೆ, ನನಗೆ ಸಾಕಾಗಲಿಲ್ಲ. ಬಾಗಿಲು ತೆಗೆದ. ನೋಡಿದ. ಪಕ್ಕನೆ ಕಿತ್ತು ಎಸೆದೆ... ಎಲ್ಲಿ ಬಿತ್ತು ಗೊತ್ತಾಗಲಿಲ್ಲ. ಅವನ ಕೈ ಹಿಡಿದುಕೊಂಡೆ. ನಾನು ಮುಡಿದದ್ದು ಹೇಳಬೇಡ, ಯಾರಲ್ಲೂ ಹೇಳಬೇಡ, ನಾನು ಗಾಡಿಯಲ್ಲಿ ಇದ್ದದ್ದೇ ಹೇಳಬೇಡ. ಅವನು ನಗಲಿಲ್ಲ ಮಗಾ. "ಇಲ್ಲ ಕುಶಲಕ್ಕ" ಎಂದ.

ಮರುದಿನ ಇಲ್ಲೇ, ಈ ಜಗಲಿಯಲ್ಲಿ, ವೇದಾವತಿ ಕೇಳಿದಳು, "ನೀವು ಅವನ ಜೊತೆ ಇದ್ದಿರಲ್ವಾ?" ಅಂತ. ಕಟಪಾಡಿಯಲ್ಲಿ ಇಳಿದೆ ಎಂದು ಬಾಯಿಗೆ ಬಂತು. ಒಮ್ಮೆ ಹೇಳಿದ ಮೇಲೆ ಒಳಗೆ ಬೇರೆ ಒಬ್ಬಳು ಬೇಕಲ್ಲ... ಎಲ್ಲರೂ ಹತ್ತಿರ ಹತ್ತಿರ ಕೂತರು, ಮತ್ತೆ, ಮತ್ತೆ ಎಂದು ಕೇಳಿದರು. ನಾನು ಬಳೆ ಹಾಕಿದೆ, ನರ್ಸು ಮಾಡಿದೆ. ಖುಷಿ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗುರುವಾರ ಅಲ್ವಾ ಕುವೈತಿಗೆ ಅವನ ವಿಮಾನ? ಇನ್ನೂ ಎರಡು ದಿನ ಉಂಟು. ನೀನು ಫೋನು ಹಚ್ಚು, ನಾನೇ...

ನಿನ್ನೆಯೇ ಹೋದನಾ?

ಗಾಡಿ? ಮೀನಿನವರಿಗೆ ಮಾರಿದನಾ... ಮನೆಯ ಪೆಟ್ಟಿಗೆ ಇಳಿಸಿ ಪರ್ಕಳದಲ್ಲೇ ನೆಲಕ್ಕೆ ಇಟ್ಟಿದ್ದಾರಾ. ಹಾಗಾದರೆ ಪ್ಲೇಟು ಹಾಕಲೇ ಇಲ್ಲ.

ಅದು... ವೇದಾವತಿಯ ಸ್ಕೂಟರು. ಬೈಕಿಗೆ ಹೂ ಕೊಡಲಿಕ್ಕೆ ಬಂದಳು. ಹಿಂದೆಯೇ ಉಳಿದವರೂ ಬರುತ್ತಾರೆ. ಚೈತಾಲಿ, ಅದನ್ನು ಎತ್ತು. ಪೊಟ್ಟಣದೊಳಗೆ ಹಾಕು, ಬೇಗ. ಎತ್ತು ಮಗಾ... ಕೈ ಯಾಕೆ ಕಟ್ಟಿ ಕೂತೆ? ನಾನು ಎತ್ತಲಾ? ನೀನು ಹೀಗೆ ನೋಡುತ್ತಾ ಕೂತರೆ ನನಗೆ ಕೈ ಬರುವುದು ಹೇಗೆ?

ಬಾ ವೇದಾವತಿ. ಚಪ್ಪಲಿ ಅಲ್ಲೇ ಬಿಡು. ಇವಳಾ? ಸುಮ್ಮನೆ ಬಂದದ್ದು. ಇದಾ... ಒಣಗಿದ ಹೂ. ಗಾಡಿಯ ಕನ್ನಡಿಯ ಹಿಂದೆ ಸಿಕ್ಕಿದ್ದಂತೆ. ಯಾರದ್ದು ಅಂತ ಇವಳಲ್ಲಿ ಕೇಳಬೇಡ, ಇವಳು ಹೇಳುವುದಿಲ್ಲ.

ಬಗ್ಗು. ಇನ್ನೂ ಹತ್ತಿರ ಬಾ. ನಾರು ಯಾವ ಕಡೆಗೆ ಸುತ್ತಿದೆ, ನೋಡು ವೇದಾವತಿ.