ಡೈರಿಗೆ ಇಳಿಯದ ಕೆಂಪು

ಮೂತ್ರಕೋಶದ ಕ್ಯಾನ್ಸರಿಗೆ ಹೊಸ ಔಷಧಿ ಪರೀಕ್ಷಿಸುವ ವಿಭಾಗದ ಮುಂದೆ ಟೈಲರ್ ಒಪ್ಪಿಗೆ ಪತ್ರ ಹಿಡಿದು ಕೂತಿದ್ದ. ಸಹಿಯೊಂದು ಬಾಕಿ. ಪಕ್ಕದಲ್ಲಿ, ಆ ಔಷಧಿ ಶುರುವಾಗಿ ಮೂರು ತಿಂಗಳಾಗಿದ್ದ ಬಸ್ ಡ್ರೈವರ್ ಮತ್ತು ಅವನ ಹೆಂಡತಿ ಪಿಸುಗುಟ್ಟುತ್ತಿದ್ದರು.

“ಆಸ್ಪತ್ರೆಯವರು ಕೊಟ್ಟ ಡೈರೀಲಿ ದಿನಾ ‘ಮೂತ್ರದಲ್ಲಿ ರಕ್ತ ಇಲ್ಲ’ ಅಂತ ಬರ್ದಿದೀರಲ್ಲ. ನಿಮ್ಮ ಬಟ್ಟೆ ಒಗೆಯೋಳು ನಾನು.”

“ಮೆತ್ತಗೆ ಮಾತಾಡೇ.”

“ಎಷ್ಟು ದಿನದಿಂದ?”

“ಹದಿನೈದು.”

“ಡಾಕ್ಟರಿಗೆ ಹೇಳ್ಬಿಡೋಣ ರೀ.”

“ಹೇಳಿದ್ರೆ ಔಷಧಿ ನಾಟ್ಲಿಲ್ಲ ಅಂತ ಮೂತ್ರಕೋಶಾನೇ ತೆಗೆದು ಹೊಟ್ಟೆಗೆ ಮೂತ್ರದ ಚೀಲ ಅಂಟಿಸ್ತಾರೆ. ಅದನ್ನ ಕಟ್ಕೊಂಡು ಬಸ್ ಓಡಿಸ್ಲಾ?”

“ಹೇಳದಿದ್ರೆ?”

“ಮುಂದಿನ ತಿಂಗಳು ಹೇಗೂ ಒಳಗೆ ಕ್ಯಾಮೆರಾ ಬಿಟ್ಟು ನೋಡ್ತಾರೆ. ಅಲ್ಲೀವರೆಗಾದ್ರೂ ನನ್ನ ಪಾಡಿಗೆ ಬಿಡು.”

“ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗಾಯ್ತು. ಒಳಗೆ ಬೆಳೀತಿರೋದು ನಿಮ್ಮ ಡೈರಿ ಓದುತ್ತಾ?”

ಅಷ್ಟರಲ್ಲಿ ನರ್ಸ್ ಹೊರಗೆ ಬಂದು ಡ್ರೈವರನ ಡೈರಿ ತಿರುವಿ ಹಾಕಿದಳು. ಅವಳ ಮುಖ ಅರಳಿತು.

“ನೋಡಿ ಅಣ್ಣಾ,” ಎಂದಳು ಟೈಲರಿಗೆ, “ಇವರಿಗೆ ಎಷ್ಟು ಚೆನ್ನಾಗಿ ಒಗ್ಗಿದೆ. ನೀವ್ಯಾಕೆ ಇಷ್ಟು ಯೋಚಿಸ್ತೀರಿ?”

ಡ್ರೈವರ್ ತಲೆ ತಗ್ಗಿಸಿ ಅವಳ ಹಿಂದೆ ಒಳಗೆ ನಡೆದ. ಹೆಂಡತಿ ಬಾಗಿಲಲ್ಲಿ ಒಮ್ಮೆ ನಿಂತು, ಟೈಲರನ ಕೈಯಲ್ಲಿ ಸಹಿಗೆ ಕಾದಿದ್ದ ಪೆನ್ನನ್ನು ನೋಡಿದಳು. ಆಮೇಲೆ ಅವಳೂ ಒಳಗೆ ಹೋದಳು.