ತಿರುಗಿಸದ ಪುಟ

ಸ್ಕ್ಯಾನಿಂಗ್ ಕೋಣೆಯ ಹೊರಗೆ ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಆಸ್ಪತ್ರೆಯ ನಿಲುವಂಗಿ ತೊಟ್ಟ ಹುಡುಗಿಯೊಬ್ಬಳಿದ್ದಳು. ಒಳಗೆ ಹೋಗುವ ಮುನ್ನ ಕನ್ನಡಕ ತೆಗೆಸಿದ್ದರಿಂದ, ಅವಳ ಮಾಯಾಲೋಕದ ಕತೆಯ ಮೂರನೆಯ ಹಾಗೂ ಕೊನೆಯ ಭಾಗವನ್ನು ತಾತ ಓದಿ ಹೇಳುತ್ತಿದ್ದರು. ಬೇಡವೆಂದರೂ ನನ್ನ ಕಿವಿ ಅತ್ತಲೇ ಹೋಯಿತು.

"ಗುಹೆಯ ಬಾಯಿ ಮುಚ್ಚಿಕೊಂಡಿತು. ದೀಪದ ಹುಡುಗಿ ಒಳಗೇ ಉಳಿದಳು." ತಾತ ಓದುವುದನ್ನು ನಿಲ್ಲಿಸಿದರು.

"ಆಮೇಲೆ?"

"ಆಮೇಲೆ... ಅವಳ ಡ್ರ್ಯಾಗನ್ ಬಂತು. ಬಂಡೆಗೆ ಜಾಡಿಸಿ ಒದೀತು. ಹುಡುಗಿ ಹೊರಗೆ ಬಂದ್ಲು."

"ಡ್ರ್ಯಾಗನ್ ಎರಡನೇ ಭಾಗದಲ್ಲೇ ಸತ್ತೋಯ್ತಲ್ಲ ತಾತಾ."

"ಇದು ಅದರ ತಮ್ಮ ಕಣೇ."

"ಆಗಿಂದ ಪುಟ ತಿರುಗಿಸಿದ ಸದ್ದೇ ಬಂದಿಲ್ಲ."

"ಪುಟ ದೊಡ್ಡದಿದೆ."

ಅವಳು ನಗಲಿಲ್ಲ. "ಒಳಗಿರೋ ಮಷೀನೂ ಗುಹೆ ಥರಾನೇ ಇದ್ಯಂತೆ. ಒಂಚೂರೂ ಅಲ್ಲಾಡಬಾರದಂತೆ."

"ನಾನು ಬಾಗಿಲಲ್ಲೇ ಇರ್ತೀನಲ್ಲ ಪುಟ್ಟಿ."

"ನಿಜ ಹೇಳು. ಅವಳು ಹೊರಗೆ ಬರಲ್ವಾ?"

"ಪುಟ ತಿರುಗಿಸಿದ್ರೆ ತಾನೇ ಗೊತ್ತಾಗೋದು."

ನರ್ಸ್ ಬಂದು ಕರೆದಳು. ಹುಡುಗಿ ಎದ್ದು, ತಾತನ ಹೆಬ್ಬೆರಳನ್ನು ಪುಟದ ಮೇಲಿಟ್ಟು ಒತ್ತಿದಳು.

"ಹಾಗಾದ್ರೆ ನಾನು ಬರೋವರೆಗೂ ತಿರುಗಿಸ್ಬೇಡ."

ಬಾಗಿಲು ಮುಚ್ಚಿಕೊಂಡಿತು. ತಾತ ಹೆಬ್ಬೆರಳು ಎತ್ತಲಿಲ್ಲ.