ಹರಿದ ಕೊನೆಯ ಹಾಳೆಗಳು

ಹಸಿರು ದೀಪ ಬಿದ್ದರೂ ಬಸ್ಸು ಅಲುಗಲಿಲ್ಲ. ಎಲ್ಲರ ತಲೆಯೂ ಫೋನಿನೊಳಗೆ. ನನ್ನದರಲ್ಲಿ ಚಾರ್ಜ್ ಇರಲಿಲ್ಲ, ಹಾಗಾಗಿ ಕಿವಿ ತೆರೆದಿತ್ತು. ಮುಂದಿನ ಸೀಟಿನಲ್ಲಿ ಅಕ್ಕತಂಗಿಯರಿದ್ದರು.

“ಅಪ್ಪ ಈಗ್ಲೂ ಓದ್ತಾರಾ, ಅಕ್ಕಾ?”

“ತಾವೇ ಬರೆದ ಕಾದಂಬರೀನ. ತಮ್ಮದು ಅಂತ ನೆನಪಿಲ್ಲ, ಅಷ್ಟೆ.”

“ಅಮ್ಮ ಹೋದ್ಮೇಲೆ ಬರೆದ್ರಲ್ಲ, ಅದಾ?”

“ಅದೇ. ಕೊನೇಲಿ ಅಮ್ಮ ಸಾಯೋದನ್ನ ಓದಿ ದಿನಾ ಹೊಸದಾಗಿ ಅಳೋರು. ನೋಡಕ್ಕಾಗ್ದೆ ಆ ಹಾಳೆಗಳನ್ನ ಹರಿದ್ಬಿಟ್ಟೆ.”

“ಅಯ್ಯೋ, ಅಪ್ಪನ ಪುಸ್ತಕಾನ?”

“ನೀನು ಅಪರೂಪಕ್ಕೆ ಬಂದು ಮುಖ ತೋರಿಸಿ ಹೋಗೋಳು. ದಿನಾ ಕಣ್ಣೊರೆಸೋಳು ನಾನು ಕಣೆ.”

ತಂಗಿ ಕಿಟಕಿಯತ್ತ ತಿರುಗಿದಳು. ಹೊರಗೆ ನೋಡುತ್ತಲೇ ಕೇಳಿದಳು.

“ಕೊನೆ ಎಲ್ಲಿ ಅಂತ ಕೇಳ್ಲಿಲ್ವಾ?”

“ಕೇಳಿದ್ರು. ಹರಿದುಹೋಗಿದೆ, ನೀವೇ ಬರೀರಿ ಅಂತ ಪೆನ್ ಕೊಟ್ಟೆ. ಈ ಸಲನಾದ್ರೂ ಅಮ್ಮನ್ನ ಉಳಿಸ್ತಾರೇನೋ ಅಂತ ಆಸೆ.”

“ಉಳಿಸಿದ್ರಾ?”

“ನನ್ನ ಹೆಸರು ಮರ್ತಿರೋರು, ಆ ಸಾವನ್ನ ಮಾತ್ರ ಒಂದಕ್ಷರ ತಪ್ಪದೆ ಬರೆದ್ರು.”

ಅಂತೂ ಬಸ್ಸು ಹೊರಟು ಅವರ ಸ್ಟಾಪು ಬಂತು. ಜನರ ನಡುವೆ ನುಸುಳುತ್ತಾ ತಂಗಿ ಕೇಳಿದಳು.

“ಆಮೇಲೆ?”

ಅಕ್ಕ ಮೆಟ್ಟಿಲಿಳಿಯುತ್ತಾ ಹೇಳಿದಳು.

“ಓದ್ಕೊಂಡು ಅತ್ರು. ‘ಪಾಪ, ಇದನ್ನ ಬರೆದೋನು ಹೇಗೆ ತಡ್ಕೊಂಡ್ನೋ’ ಅಂದ್ರು.”